ಮೋಟಾರಿನ ಪಾಥೇಯ

ಮನೆಗೆ ಹೊಸದಾಗಿ ಮೋಟಾರುಗಾಡಿಯು ಬಂದ ದಿನ ಗೃಹಸ್ಥನಾದವನು ಮಾಡುವ ಕೆಲಸಗಳು ಎಲ್ಲರಿಗೂ ಗೊತ್ತಿದ್ದವೇ. ಪೂಜೆಯಾಗುವದು, ಗಾಲಿಗಳ ಕೆಳಗೆ ನಿಂಬೆಯ ಹಣ್ಣು ಚಟಕ್ಕನೆ ಒಡೆಯುವದು, ಓಣಿಯವರಿಗೆ ಪೇಢೆ ಹಂಚುವದು, ಮನೆಮಂದಿಯೆಲ್ಲ ತಾರಕೇಶ್ವರನ ಗುಡಿಯವರೆಗೆ ಒಂದು ಸುತ್ತು ಹೋಗಿ ಬರುವದು. ಆದರೆ ಹಿಂಬದಿಯ ಡಿಕ್ಕಿಯನ್ನು ತೆರೆದು, ತಳದ ಹಾಸನ್ನು ಎತ್ತಿ, ಅಲ್ಲಿ ಏನಿದೆ ಏನಿಲ್ಲವೆಂದು ನೋಡುವ ಗೃಹಸ್ಥರು ವಿರಳ. ಅದನ್ನು ನೋಡುವ ಪ್ರಸಂಗವು ಬರುವದು ಪುಷ್ಯಮಾಸದ ಅಪರಾತ್ರಿಯಲ್ಲಿ, ನಿರ್ಜನವಾದ ದಾರಿಯಲ್ಲಿ, ಇಬ್ಬನಿಯು ಗಿಡಗಳಿಂದ ತೊಟ್ಟಿಕ್ಕುತ್ತಿರುವಾಗ. ಆಗ ನೋಡಿ ಫಲವಿಲ್ಲವಾದ್ದರಿಂದ ಈಗಲೇ ನಾಲ್ಕು ಮಾತು ಬರೆಯಲು ಕುಳಿತಿದ್ದೇವೆ.

ನಮ್ಮ ಮಗಳು ಅಳಿಯನೊಡನೆ ಅಮೇರಿಕೆಯ ಮಿನೆಸೋಟಾ ರಾಜ್ಯದಲ್ಲಿರುವಳು. ಅಲ್ಲಿ ಚಳಿಗಾಲದಲ್ಲಿ ಉಷ್ಣಮಾನವು ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವದು ಅಪರೂಪವಲ್ಲ. ಹಿರಿಯ ಮಗನು ಇಲ್ಲಿ ಗಾಡಿ ಕೊಂಡ ಸುದ್ದಿ ತಿಳಿದು, ತನ್ನ ಗಾಡಿಯಲ್ಲಿ ಚಳಿಗಾಲಕ್ಕೆಂದು ಏನೇನು ಇಟ್ಟಿರುವಳೋ ಅದರ ಯಾದಿಯನ್ನು ಆಕೆ ತಮ್ಮ-ಅಣ್ಣಂದಿರಿಗೆ ತಮಾಷೆಗಾಗಿ ಕಳಿಸಿದಳು. ದಪ್ಪನೆಯ ಹೊದಿಕೆ, ಹಿಮ ತೆಗೆಯುವ ಸಲಿಕೆ, ಡಬ್ಬಿಯಲ್ಲಿ ನಿಲ್ಲಿಸಿದ ಮೇಣಬತ್ತಿ, ಗಾಲಿ ಜಾರಿದರೆ ಕೆಳಗೆ ಚೆಲ್ಲಲು ಒಂದು ಚೀಲ ಉಸುಕು. ಕೆಲವರು ಉಸುಕಿನ ಬದಲು, ಸಾಕಿದ ಬೆಕ್ಕುಗಳು ಮಲವಿಸರ್ಜನೆ ಮಾಡಲೆಂದು ಅಂಗಡಿಯಲ್ಲಿ ಮಾರುವ ಮಣ್ಣನ್ನು ಇಡುವರಂತೆ! ಇದನ್ನು ಓದಿ ನಮ್ಮ ಮನೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಯಾದಿಯ ಕೊನೆಯಲ್ಲಿದ್ದ ಮಾತು ಮಾತ್ರ ನಗುವಂಥದಾಗಿರಲಿಲ್ಲ. ಹಿಮದಲ್ಲಿ ಸಿಕ್ಕಿಕೊಂಡರೆ ಗಾಡಿಯನ್ನು ಬಿಟ್ಟು ಹೋಗಬಾರದು. ತಾಸಿಗೆ ಹತ್ತು ನಿಮಿಷ ಮಾತ್ರ ಯಂತ್ರವನ್ನು ನಡೆಸಿ ಮೈ ಕಾಯಿಸಿಕೊಳ್ಳಬೇಕು. ಅದಕ್ಕೂ ಮೊದಲು ಹೊಗೆಯ ಕೊಳವೆಯ ಬಾಯಿಗೆ ಹಿಮ ಮೆತ್ತಿದ್ದರೆ ಬಿಡಿಸಬೇಕು, ಇಲ್ಲದಿದ್ದರೆ ವಿಷವಾಯುವು ಒಳಗೆ ತುಂಬಿ ಕುಳಿತವರು ಕುಳಿತಲ್ಲಿಯೇ ತೀರಿಹೋಗುವರು. ಗಾಡಿಯ ಬಾನಿನ ಕೋಲಿಗೆ ಕೆಂಪು ಅರಿವೆಯೊಂದನ್ನು ಕಟ್ಟಬೇಕು. ಹಿಮ ತೆಗೆಯುವ ಯಂತ್ರದವನಿಗೆ ಅದು ಕಾಣಬೇಕು.

ಹಾನಗಲ್ಲಿನಲ್ಲಿ ಹಿಮ ಬೀಳುವದಿಲ್ಲ. ನಮ್ಮ ಚಳಿಯು ಒಂದು ಶಾಲಿಗೆ ಅಂಜಿ ಓಡುವಂಥದು. ಆದರೂ ಆ ಕೆಂಪು ಅರಿವೆಯ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು, ಅದಕ್ಕೆ ಕಾರಣವಿದೆ.

ನಾವು ಈ ತಾಲೂಕಿನದೇ ಒಂದು ಹಳ್ಳಿಯಲ್ಲಿ ಹುಟ್ಟಿದವರು. ನಮ್ಮ ಬಾಲ್ಯದಲ್ಲಿ ಇದು ಧಾರವಾಡ ಜಿಲ್ಲೆಯಾಗಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಮನೆಯಲ್ಲಿ ಒಂದು ಚಕ್ಕಡಿ, ಒಂದು ಜೋಡಿ ಎತ್ತು. ಸುಗ್ಗಿಯಾದ ಮೇಲೆ ಪರವೂರಿಗೆ ಹೊರಡುವದೆಂದರೆ ತಂದೆಯವರು ಹಿಂದಿನ ಸಂಜೆಯೇ ಚಕ್ಕಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುವರು. ಅಚ್ಚಿನ ತುದಿಯಲ್ಲಿ ಗಾಲಿಯು ಕಳಚದಂತೆ ತಡೆಯುವ ಕಡಾಣಿಯನ್ನು ಕೈಯಿಂದ ಅಲ್ಲಾಡಿಸಿ ನೋಡುವರು. ಮತ್ತೊಂದು ಕಡಾಣಿಯನ್ನು ತಟ್ಟಿನಲ್ಲಿ ಸುತ್ತಿ ಇಡುವರು. ಸಂಸ್ಕೃತದಲ್ಲಿಯೂ ಆಣಿ ಎಂದರೆ ಇದೇ. ಬೆರಳುದ್ದದ ಈ ಕಬ್ಬಿಣದ ತುಂಡು ರಥಕ್ಕೂ ಚಕ್ಕಡಿಗೂ ಒಂದೇ ಪ್ರಾಣ. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆಯು ಬಿದಿರಿನ ಗೊಟ್ಟದಲ್ಲಿ ಕೆಳಗೆ ತೂಗುತ್ತಿತ್ತು. ಒಂದು ಹಗ್ಗ, ಒಂದು ಕುಡಗೋಲು, ಕಂಬಳಿ, ನೀರಿನ ಕೊಡ, ಬುತ್ತಿಯ ಗಂಟು. ಕೊನೆಯದಾಗಿ ಅಚ್ಚಿನ ಹತ್ತಿರ ಕಂದೀಲು.

ಎತ್ತುಗಳು ನಡೆಯುವಾಗ ಆ ಕಂದೀಲಿನ ಬೆಳಕು ನೆಲದ ಮೇಲೆ ತೂಗಾಡುತ್ತಿತ್ತೇ ಹೊರತು ಮುಂದಿನ ದಾರಿಯನ್ನು ತೋರಿಸುತ್ತಿರಲಿಲ್ಲ. ಒಮ್ಮೆ ನಾವು, ದೀಪವನ್ನು ನೊಗಕ್ಕೆ ಕಟ್ಟಿದರೆ ದಾರಿ ಕಂಡೀತಲ್ಲ ಎಂದು ಕೇಳಿದೆವು. ತಂದೆಯವರು ಹೇಳಿದರು: "ಎತ್ತಿಗೆ ದಾರಿ ಗೊತ್ತೈತಿ ತಮ್ಮಾ. ಕಂದೀಲು ನಮಗ ಕಾಣ್ಲಿ ಅಂತ ಅಲ್ಲ, ನಾವು ಕಾಣ್ಲಿ ಅಂತ."

ಮಿನೆಸೋಟಾದ ಕೆಂಪು ಅರಿವೆಗೂ ನಮ್ಮ ಕಂದೀಲಿಗೂ ಸಂಬಂಧವು ಇದೇ. ದಾರಿಯ ಆಪತ್ತಿನಲ್ಲಿ ಬೇಕಾಗುವ ಸಾಮಗ್ರಿಗಳಲ್ಲಿ ಎರಡು ಜಾತಿ: ಕೆಟ್ಟದ್ದನ್ನು ಸರಿಪಡಿಸುವವು ಒಂದು, ನಾವು ಇಲ್ಲಿದ್ದೇವೆಂದು ಪರರಿಗೆ ತಿಳಿಸುವವು ಇನ್ನೊಂದು. ಜನರು ಮೊದಲನೆಯದಕ್ಕೆ ಹಣ ಸುರಿಯುವರು. ಪ್ರಾಣವನ್ನು ಉಳಿಸುವದು ಬಹುಶಃ ಎರಡನೆಯದೇ.

ನಮ್ಮ ಕಡೆಯ ಚಳಿಗಾಲದ ದಾರಿಯ ಸ್ವರೂಪವನ್ನು ತುಸು ಹೇಳಬೇಕು. ಮಾರ್ಗಶಿರ-ಪುಷ್ಯಗಳಲ್ಲಿ ಸಂಜೆ ಆರು ಗಂಟೆಯ ಸುಮಾರಿಗೇ ಹೊತ್ತು ಮುಳುಗುವದು. ಹಾನಗಲ್ಲ-ಹಿರೇಕೆರೂರುಗಳ ಕೆರೆಗಳ ಏರಿಯ ಮೇಲೆ, ವರದಾ ನದಿಯ ಇಕ್ಕೆಲದ ತಗ್ಗುಗಳಲ್ಲಿ ಬೆಳಗಿನ ಝಾವ ಕಾವಳವು ಕವಿದು ಎಂಟು ಗಂಟೆಯವರೆಗೂ ಕದಲದ ದಿನಗಳುಂಟು. ಇದೇ ಕಾಲಕ್ಕೆ ಸುಗ್ಗಿ. ಗೋವಿನಜೋಳದ ರಾಶಿಗಳು ರಸ್ತೆಯ ಅರ್ಧ ಭಾಗವನ್ನು ಆಕ್ರಮಿಸಿ ಬಿಸಿಲಿಗೆ ಒಣಗುತ್ತಿರುವವು. ರಾತ್ರಿ ಅವುಗಳ ಅಂಚಿಗೆ ಕಲ್ಲು ಇಟ್ಟಿರುವರು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆಯುತ್ತ ಸಕ್ಕರೆ ಕಾರ್ಖಾನೆಗಳತ್ತ ರಾತ್ರಿಯೆಲ್ಲ ಸಾಗುವವು. ಮೇವಿನ ಗಾಡಿಗಳು ಮನೆಯಷ್ಟೆತ್ತರ ಹುಲ್ಲನ್ನು ಹೊತ್ತು ನಡುರಸ್ತೆಯಲ್ಲಿ ತೂಗಾಡುತ್ತ ಬರುವವು. ಶಿಗ್ಗಾವಿ ತಾಲೂಕಿನ ನಡುವೆ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ವೇಗದ ಭಯ. ಉಳಿದ ದಾರಿಗಳಲ್ಲಿ ಕತ್ತಲೆಯ ಭಯ. ರೈತನನ್ನು ದೂರುವದು ನಮ್ಮ ಉದ್ದೇಶವಲ್ಲ. ಕಣಗಳು ಕಣ್ಮರೆಯಾಗಿವೆ, ಡಾಂಬರು ರಸ್ತೆ ಬಾಗಿಲಿಗೆ ಬಂದಿದೆ. ಅವನು ಒಕ್ಕಲು ಎಲ್ಲಿ ಮಾಡಬೇಕು?

ಹಿರೇಕೆರೂರ ತಾಲೂಕಿನ ಶಾಲೆಯಲ್ಲಿ ನಾವು ಸಂಸ್ಕೃತ ಕಲಿಸುತ್ತಿದ್ದಾಗ ಒಬ್ಬ ಹುಡುಗನಿದ್ದನು. ಶಬ್ದರೂಪಗಳನ್ನು ಅವನಷ್ಟು ಸ್ಪಷ್ಟವಾಗಿ ಹೇಳುವವರು ಆ ವರ್ಗದಲ್ಲಿ ಬೇರೆ ಯಾರೂ ಇರಲಿಲ್ಲ. ಮುಂದೆ ಓದಲಿಲ್ಲ, ಹೊಲ ನೋಡಿಕೊಂಡು, ಊರಲ್ಲಿ ಒಂದು ಸಣ್ಣ ಅಂಗಡಿಯನ್ನಿಟ್ಟು, ಮದುವೆಯಾಗಿ ಸುಖವಾಗಿದ್ದನು. ಕೆಲವು ವರ್ಷಗಳ ಹಿಂದೆ ಪುಷ್ಯದ ಒಂದು ರಾತ್ರಿ ಹಾವೇರಿಯಿಂದ ಅಂಗಡಿಯ ಸಾಮಾನು ತೆಗೆದುಕೊಂಡು ಮೋಟಾರ್ ಸೈಕಲ್ಲಿನ ಮೇಲೆ ಹಿಂದಿರುಗುತ್ತಿದ್ದಾಗ, ಅಚ್ಚು ಮುರಿದು ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಡಿಕ್ಕಿಹೊಡೆದು ಸ್ಥಳದಲ್ಲಿಯೇ ತೀರಿಕೊಂಡನು. ಟ್ರೇಲರಿನವನು ದುಷ್ಟನಲ್ಲ. ರೂಢಿಯಂತೆ ಹಿಂದೆ ನಾಲ್ಕು ಕಲ್ಲು ಇಟ್ಟು, ಬೇವಿನ ಹಸಿ ಟೊಂಗೆಯೊಂದನ್ನು ಸಿಗಿಸಿ, ಮಿಸ್ತ್ರಿಯನ್ನು ಕರೆತರಲು ಹೋಗಿದ್ದನು.

ನಾವು ಮಾತನಾಡಿಸಲು ಹೋದಾಗ ಅವನ ತಾಯಿಯು ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: "ಸರ, ಅಷ್ಟು ದೊಡ್ಡ ಗಾಡಿ, ಅವಗ ಹೆಂಗ ಕಾಣಲಿಲ್ಲರೀ?"

ಆ ತಾಯಿಗೆ ಆಗ ಹೇಳಲು ನಮ್ಮಲ್ಲಿ ಮಾತಿರಲಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರವಿದೆ, ಮತ್ತು ಗಾಡಿಯುಳ್ಳ ಪ್ರತಿಯೊಬ್ಬನೂ ಅದನ್ನು ತಿಳಿದಿರಬೇಕು. ಕಬ್ಬಿನ ಜಲ್ಲೆಗಳು ಹಿಂದೆ ಚಾಚಿ ಟ್ರೇಲರಿನ ಹಿಂದೀಪವನ್ನು ಮುಚ್ಚುವವು, ದೀಪವಿದ್ದರೂ ವ್ಯರ್ಥ. ಒಣರವದಿಯ ಬಣ್ಣವು ದಾರಿಯ ಧೂಳಿನ ಬಣ್ಣವೇ. ಅದು ಬೆಳಕನ್ನು ನುಂಗುವದೇ ಹೊರತು ಮರಳಿಸುವದಿಲ್ಲ. ಎದುರಿನಿಂದ ಪ್ರಖರ ದೀಪದ ಒಂದು ಲಾರಿ ಬಂದರೆ ಕೆಲವು ಕ್ಷಣ ಕಣ್ಣಿಗೆ ಏನೂ ಕಾಣದು. ತಾಸಿಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಸರಿದಿರುವನು. 80ರ ವೇಗದಲ್ಲಿ 22 ಮೀಟರು. ಕಂಡು, ಅರಿತು, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿಯೇ ಒಂದೆರಡು ಸೆಕೆಂಡುಗಳು ಸಂದಿರುವವು. ಬೇವಿನ ಟೊಂಗೆಯು ಹಗಲಿನ ಸಂಕೇತ. ರಾತ್ರಿ ಅದು ಕತ್ತಲೆಯಲ್ಲಿ ಇನ್ನೊಂದು ಕತ್ತಲೆ. ಆ ನಾಲ್ಕು ಕಲ್ಲುಗಳು ಟ್ರೇಲರು ಹೋದ ಮೇಲೂ ವಾರಗಟ್ಟಲೆ ದಾರಿಯಲ್ಲಿಯೇ ಬಿದ್ದಿದ್ದವು.

ಆದಕಾರಣ ನಮ್ಮ ಯಾದಿಯಲ್ಲಿ ಮೊದಲನೆಯ ಸ್ಥಾನ ಕೆಂಪು ತ್ರಿಕೋಣಕ್ಕೆ. ಹೊಸ ಗಾಡಿಯ ಜೊತೆಯಲ್ಲಿ ಅದು ಸಾಮಾನ್ಯವಾಗಿ ಬಂದೇ ಇರುವದು. ಆದರೆ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಮಡಚಿಟ್ಟ ಅದನ್ನು ಬಿಡಿಸಿ ನಿಲ್ಲಿಸುವ ಬಗೆಯನ್ನು ಬಲ್ಲವರು ಕಡಿಮೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಮನೆಯವರೆಲ್ಲರೂ, ಹೆಂಗಸರೂ ಕೂಡ, ಅದನ್ನು ಎರಡು ಸಲ ಬಿಡಿಸಿ ಮಡಚಿ ಕಲಿಯತಕ್ಕದ್ದು. ಗಾಡಿಯ ಬಾಲಕ್ಕೆ ಅಂಟಿಸಿದಂತೆ ಅದನ್ನು ನಿಲ್ಲಿಸಿದರೆ ಪ್ರಯೋಜನವಿಲ್ಲ. ಊರ ದಾರಿಯಲ್ಲಿ 50 ಮೀಟರು, ಎಂದರೆ ಎಪ್ಪತ್ತು ಹೆಜ್ಜೆ ಹಿಂದೆ; ಹೆದ್ದಾರಿಯಲ್ಲಿ 100 ಮೀಟರಿಗೂ ಹೆಚ್ಚು. ತಿರುವಿನ ಈಚೆಗೆ ಗಾಡಿ ನಿಂತಿದ್ದರೆ ತ್ರಿಕೋಣವು ತಿರುವಿನ ಆಚೆಗೆ ಇರಬೇಕು. ಅದನ್ನು ಇಡಲು ಹೋಗುವವನು ಡಾಂಬರಿನ ಅಂಚನ್ನು ಬಿಟ್ಟು, ಬರುವ ಗಾಡಿಗಳತ್ತ ಮುಖ ಮಾಡಿ ನಡೆಯಬೇಕು. ಮೈಮೇಲೆ ಹೊಳೆಯುವ ಪಟ್ಟಿಗಳುಳ್ಳ ತೋಳಿಲ್ಲದ ಅಂಗಿ ಇರಬೇಕು. ಜರ್ಮನಿಯಲ್ಲಿ 2014ರಿಂದ ಪ್ರತಿಯೊಂದು ಕಾರಿನಲ್ಲಿ ಇಂಥ ಅಂಗಿ ಇರಲೇಬೇಕೆಂದು ಕಾನೂನಿದೆ. ನಮ್ಮಲ್ಲಿ ರಸ್ತೆಯ ಕೆಲಸದವರು ಹಾಕಿಕೊಳ್ಳುವದು ಇದೇ. ಬೆಲೆಯು ಒಂದು ಹೊತ್ತಿನ ಹೋಟೆಲಿನ ಊಟಕ್ಕಿಂತ ಹೆಚ್ಚಲ್ಲ. ಒಂದು ಮುಖ್ಯ ಸೂಚನೆ: ಅಂಗಿಯನ್ನು ಡಿಕ್ಕಿಯಲ್ಲಿ ಇಡಬಾರದು, ಆಸನದ ಹತ್ತಿರವೇ ಇಡಬೇಕು. ಡಿಕ್ಕಿಯ ತನಕ ಕತ್ತಲೆಯಲ್ಲಿ ನಡೆದು ಹೋಗುವಾಗಲೇ ಅದರ ಅವಶ್ಯಕತೆಯಿರುವದು.

ಇನ್ನು ಕಾವಳದ ವಿಷಯ. ಮುಂದೆ ಕಾಣದಾಗ ದೀಪವನ್ನು ಮೇಲಕ್ಕೆತ್ತುವದು ಮನುಷ್ಯಸ್ವಭಾವ. ಆದರೆ ಮಂಜೆಂದರೆ ನೀರಿನ ಸೂಕ್ಷ್ಮ ಹನಿಗಳು. ಮೇಲಿನ ಬೆಳಕು ಅವುಗಳಿಗೆ ತಾಗಿ ನಮ್ಮ ಕಣ್ಣಿಗೇ ಹಿಂದಿರುಗಿ ಬಿಳಿಯ ಗೋಡೆಯಾಗುವದು. ಆದ್ದರಿಂದ ಕೆಳಬೆಳಕೇ ಸರಿ. ನಾಲ್ಕೂ ದೀಪಗಳನ್ನು ಮಿನುಗಿಸುತ್ತ ಓಡಿಸುವವರನ್ನೂ ಕಾಣುತ್ತೇವೆ. ಅದು ನಿಂತ ಗಾಡಿಯ ಸಂಕೇತ. ಓಡುವಾಗ ಅದನ್ನು ಹಾಕಿದರೆ ಹಿಂದಿನವನಿಗೆ ನಾವು ಎಡಕ್ಕೆ ಹೊರಳುವೆವೋ ಬಲಕ್ಕೋ ತಿಳಿಯದು. ದೀಪದ ಗಾಜುಗಳನ್ನು ಒರೆಸಲು ಹಳೆಯ ಪಂಚೆಯ ತುಂಡೊಂದು ಗಾಡಿಯಲ್ಲಿರಲಿ. ಕೆಸರು ಮೆತ್ತಿದ ದೀಪವು ಅರ್ಧ ದೀಪ.

ಟಾರ್ಚು ಅವಶ್ಯ. ಹಣೆಗೆ ಕಟ್ಟಿಕೊಳ್ಳುವ ಬಗೆಯದಾದರೆ ಎರಡೂ ಕೈಗಳು ಕೆಲಸಕ್ಕೆ ಬಿಡುವಾಗುವವು. ಸೆಲ್ಲು ಹಾಕುವ ಟಾರ್ಚಾದರೆ ಸೆಲ್ಲುಗಳನ್ನು ಹೊರಗೆ ತೆಗೆದು ಕಾಗದದಲ್ಲಿ ಸುತ್ತಿಡಬೇಕು. ಒಳಗೇ ಬಿಟ್ಟರೆ ಒಸರಿ ಟಾರ್ಚನ್ನೇ ತಿನ್ನುವವು. ಮೊಬೈಲಿನ ದೀಪವಿದೆಯಲ್ಲ ಎನ್ನುವವರಿಗೆ ಒಂದೇ ಮಾತು: ಆ ಹೊತ್ತಿಗೆ ಮೊಬೈಲಿನಿಂದ ಮಾಡಿಸಿಕೊಳ್ಳಬೇಕಾದ ಕೆಲಸ ಬೇರೆಯಿದೆ, ಅದರ ಜೀವವನ್ನು ದೀಪಕ್ಕೆ ಸುಡಬೇಡಿರಿ.

ಸ್ಟೆಪ್ನಿ ಎಂಬ ಶಬ್ದವನ್ನು ನಮ್ಮ ಕಡೆಯ ಪಂಕ್ಚರ್ ಅಂಗಡಿಯ ಹುಡುಗರೆಲ್ಲ ಬಳಸುವರು. ಇದರ ವ್ಯುತ್ಪತ್ತಿಯನ್ನು ಹುಡುಕಹೋದರೆ ವೇಲ್ಸಿನ ಲಾನೆಲ್ಲಿ ಎಂಬ ಊರಿಗೆ ಹೋಗಿ ನಿಲ್ಲಬೇಕು. ಅಲ್ಲಿಯ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಸಹೋದರರು, ಅರಗಳಿಲ್ಲದ ಬಳೆಯಂಥ ಒಂದು ಚಕ್ರವನ್ನು ಮಾಡಿ, ಗಾಳಿ ಹೋದ ಗಾಲಿಯ ಪಕ್ಕಕ್ಕೆ ಬಿಗಿಯುವ ಉಪಾಯ ಕಂಡುಹಿಡಿದರು. ಆ ಚಕ್ರವು ಇಂದಿಲ್ಲ; ಬೀದಿಯ ಹೆಸರು ಮಾತ್ರ ಹಾನಗಲ್ಲಿನ ಹುಡುಗನ ನಾಲಿಗೆಯ ಮೇಲೆ ಉಳಿದಿದೆ. ಶಬ್ದಗಳ ಪ್ರಯಾಣಕ್ಕೆ ಪಾಥೇಯ ಬೇಕಾಗುವದಿಲ್ಲವೆಂದು ತೋರುತ್ತದೆ.

ಆದರೆ ಸ್ಟೆಪ್ನಿಗೆ ಗಾಳಿ ಬೇಕು. ಓಡುವ ನಾಲ್ಕು ಗಾಲಿಗಳಿಗೆ ಗಾಳಿ ಹಾಕಿಸಿ ಐದನೆಯದನ್ನು ಮರೆಯುವದು ಸಾರ್ವತ್ರಿಕ ರೋಗ. ವರ್ಷಾನುಗಟ್ಟಲೆ ಡಿಕ್ಕಿಯಲ್ಲಿ ಮಲಗಿದ ಅದು ಬೇಕಾದ ದಿನ ತಾನೇ ಮೆತ್ತಗಾಗಿರುವದು. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿ ಬಿಸಿಯಾಗುವದಕ್ಕೆ ಮೊದಲು ಅಳೆಯಿಸತಕ್ಕದ್ದು. ಹವೆಯು ಹತ್ತು ಡಿಗ್ರಿ ತಂಪಾದರೆ ಒತ್ತಡವು ಸುಮಾರು ಎರಡು ಪೌಂಡು ಇಳಿಯುವದು. ಬೇಸಿಗೆಯಲ್ಲಿ ಸರಿಯಿದ್ದದ್ದು ಮಾರ್ಗಶಿರದ ಮುಂಜಾವಿನಲ್ಲಿ ಕಡಿಮೆಯಾಗಲು ಇದೂ ಒಂದು ಕಾರಣ. ಇತ್ತೀಚಿನ ಕೆಲವು ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವದಿಲ್ಲ. ಗಾಳಿಯ ಒತ್ತಡವನ್ನು ತಾನೇ ತಿಳಿಸುವ ಏರ್ಪಾಡೂ, ಪಂಕ್ಚರನ್ನು ಮುಚ್ಚುವ ಸಾಮಾನೂ ಇದ್ದರೆ ಅದಿಲ್ಲದೆಯೂ ನಡೆಯುವದೆಂದು ಕೇಂದ್ರ ಸರಕಾರವು 2020ರಲ್ಲಿ ನಿಯಮವನ್ನು ಬದಲಿಸಿತು. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಬೇಕು. ಟೈರಿನ ಪಕ್ಕವೇ ಹರಿದರೆ ಆ ಅಂಟು ಕೆಲಸಕ್ಕೆ ಬಾರದು. ಚೂಪುಗಲ್ಲಿನ ಹಳ್ಳಿದಾರಿಗಳಲ್ಲಿ ಅದು ಹೊಸ ಮಾತಲ್ಲ.

ಜಾಕು, ಗಾಲಿಯ ಪಾನಾ ಇವು ಗಾಡಿಯ ಸಂಗಡವೇ ಬರುವವು. ಇವುಗಳಿಗೆ ನಾವು ಕೂಡಿಸಿದ್ದು ಒಂದೂವರೆ ಗೇಣು ಚೌಕದ ದಪ್ಪನೆಯ ಹಲಗೆ. ಸವಣೂರಿನ ಕಡೆಯ ಎರೆಮಣ್ಣನ್ನು ಬಲ್ಲವರಿಗೆ ಇದರ ಮರ್ಮ ತಿಳಿದೀತು. ಕಾರ್ತಿಕ-ಮಾರ್ಗಶಿರಗಳಲ್ಲಿ ಬಂಗಾಲ ಉಪಸಾಗರದ ಚಂಡಮಾರುತವೊಂದು ಎರಡು ದಿನ ಜಿಟಿಜಿಟಿ ಮಳೆ ತಂದಿತೆಂದರೆ ಸಾಕು, ರಸ್ತೆಯ ಮಗ್ಗುಲಿನ ಎರೆಯು ಬೆಣ್ಣೆಯಂತಾಗುವದು. ಅದರ ಮೇಲೆ ಜಾಕು ಇಟ್ಟರೆ ಗಾಡಿ ಏಳುವ ಬದಲು ಜಾಕೇ ಇಳಿಯುವದು. ಹಲಗೆ ಇದ್ದರೆ ಈ ತೊಂದರೆಯಿಲ್ಲ. ಹೂತ ಗಾಲಿಯ ಕೆಳಗೆ ಕೊಡಲು ಎರಡು ಗೋಣಿತಟ್ಟುಗಳು, ಒಂದು ಚಿಕ್ಕ ಸಲಿಕೆ: ಮಿನೆಸೋಟಾದ ಸಲಿಕೆ ಮತ್ತು ಉಸುಕುಗಳ ಕೆಲಸವನ್ನೇ ಇಲ್ಲಿ ಇವು ಮಾಡುವವು. ಗಾಲಿ ಉರುಳದಂತೆ ತಡೆಯಲು ಕಲ್ಲು ಇಡುವದಾದರೆ ಇಟ್ಟವನೇ ತೆಗೆದು ಹೊಲದ ಬದುವಿಗೆ ಹಾಕಿ ಹೋಗತಕ್ಕದ್ದು. ಈ ಮಾತನ್ನು ನಾವು ಎಷ್ಟು ಸಲ ಹೇಳಿದರೂ ನಮಗೆ ಬೇಸರವಿಲ್ಲ.

ಕಳೆದ ಮಾರ್ಗಶಿರದಲ್ಲಿ ಹಿರೇಕೆರೂರಿನ ಒಂದು ಮದುವೆಯಿಂದ ಬೆಳಗಿನ ಐದಕ್ಕೆ ಹೊರಟು ಬರುತ್ತಿದ್ದಾಗ ತಿಳವಳ್ಳಿಯ ಈಚೆಗೆ ಎಡಗಡೆಯ ಹಿಂದಿನ ಗಾಲಿಯು ಸದ್ದಿಲ್ಲದೆ ಕುಸಿಯಿತು. ಕೆರೆಯ ಮಗ್ಗುಲು, ಕಾವಳದಲ್ಲಿ ಹತ್ತು ಮಾರಿನ ಆಚೆಗೆ ಏನೂ ಕಾಣದು. ಮಗನು ಹೊಳೆಯುವ ಅಂಗಿ ತೊಟ್ಟು ಹೆಜ್ಜೆ ಎಣಿಸುತ್ತ ಹೋಗಿ ತ್ರಿಕೋಣವನ್ನಿಟ್ಟು ಬಂದನು. ಹೆಂಗಸರು-ಮಕ್ಕಳನ್ನು ನಾವು ಗಾಡಿಯಿಂದ ಇಳಿಸಿ, ಕಂಬಳಿ ಹೊದಿಸಿ, ಬದುವಿನ ಆಚೆಗೆ ಕೂಡಿಸಿದೆವು. ನಿಂತ ಗಾಡಿಯೊಳಗೆ ಜನ ಕುಳಿತಿರುವದು ಒಳ್ಳೆಯದಲ್ಲ. ಗಾಲಿಯನ್ನು ಬಿಚ್ಚುತ್ತಿರುವಾಗ ಮೇವು ತುಂಬಿದ ಟ್ರ್ಯಾಕ್ಟರೊಂದು ಸದ್ದು ಮಾಡುತ್ತ ಬಂದು, ತ್ರಿಕೋಣದ ಹತ್ತಿರ ನಿಧಾನಿಸಿ, ನಮ್ಮ ಪಕ್ಕದಲ್ಲಿ ನಿಂತಿತು. ಚಾಲಕನು ಇಳಿದು, "ಏನಾಗೇತ್ರಿ ಅಜ್ಜಾರ?" ಎನ್ನುತ್ತ ಬಂದು ಮಗನ ಕೈಯಿಂದ ಪಾನಾ ತೆಗೆದುಕೊಂಡೇ ಬಿಟ್ಟನು. ಇಪ್ಪತ್ತು ನಿಮಿಷಗಳಲ್ಲಿ ಕೆಲಸವಾಯಿತು. ಬುತ್ತಿಯ ಗಂಟಿನಲ್ಲಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಸವಣೂರಿನ ಖಾರ ಎಲ್ಲರಿಗೂ ಆಯಿತು. ಅವನ ಟ್ರೇಲರಿನ ಹಿಂದೆ ದೀಪವಿರಲಿಲ್ಲ. ಅದರ ಮಾತು ಮುಂದೆ ಬರುವದು.

ಹುರುಳಿಯ ಬಳ್ಳಿಯ ಅಪಾಯವನ್ನು ಪರದೇಶದ ಯಾವ ಯಾದಿಯಲ್ಲಿಯೂ ಕಾಣಲಾರಿರಿ. ಚಳಿಗಾಲದಲ್ಲಿ ಕಿತ್ತ ಹುರುಳಿಯನ್ನು ವಾಹನಗಳು ತುಳಿದು ಒಕ್ಕಲೆಂದು ರಸ್ತೆಯ ಮೇಲೆ ದಪ್ಪನಾಗಿ ಹಾಸುವರು. ಒಣಗಿದ ಬಳ್ಳಿಯು ಗಾಡಿಯ ಅಡಿಯಲ್ಲಿ ಅಚ್ಚಿಗೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಾಗಿ ಹೊತ್ತಿಕೊಳ್ಳುವದು. ನೋಡನೋಡುತ್ತ ಕಾರುಗಳು ಸುಟ್ಟು ಬೂದಿಯಾದ ಸಂಗತಿಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ನಡೆದಿವೆ. ಹಾಸಿದ ರಾಶಿಯ ಮೇಲೆ ಗಾಡಿಯನ್ನು ಎಂದೂ ನಿಲ್ಲಿಸಬಾರದು. ಸುಟ್ಟ ವಾಸನೆ ಬಂದರೆ ಬರಿನೆಲ ಕಂಡಲ್ಲಿ ನಿಲ್ಲಿಸಿ, ಯಂತ್ರವನ್ನು ಆರಿಸಿ, ಮೊದಲು ಜನರನ್ನು ಇಳಿಸಬೇಕು. ಸಾಮಾನಿನ ಚಿಂತೆ ಆಮೇಲೆ. ಉರಿಯಿಲ್ಲದಿದ್ದರೆ, ಕೊಳವೆ ಆರಿದ ಮೇಲೆ, ಸುತ್ತಿದ ಬಳ್ಳಿಯನ್ನು ಕುಡಗೋಲಿನಿಂದ ಕೊಯ್ದು ತೆಗೆಯಬಹುದು. ತಂದೆಯವರ ಚಕ್ಕಡಿಯ ಕುಡಗೋಲು ಹೀಗೆ ಮೋಟಾರಿಗೂ ಬಂದಿದೆ. ಅದರ ಜೊತೆಗೆ ಒಂದು ಕಿಲೋ ಪುಡಿಯ ಬೆಂಕಿನಂದಿಸುವ ಸಿಲಿಂಡರು ಮುಂದಿನ ಆಸನದ ಕೆಳಗಿರಲಿ; ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಬಾಗಿಲು ತೆರೆಯದಿದ್ದರೆ ಒಡೆಯಬೇಕಾದದ್ದು ಪಕ್ಕದ ಗಾಜನ್ನು, ಅದೂ ಮೂಲೆಯಲ್ಲಿ. ಮುಂದಿನ ಗಾಜು ಎರಡು ಪದರಿನದಾದ್ದರಿಂದ ಬಿರಿಯುವದೇ ಹೊರತು ಉದುರದು. ಅದಕ್ಕೆಂದೇ ಮಾರುವ ಚೂಪುಮೂತಿಯ ಸಣ್ಣ ಸುತ್ತಿಗೆಯಲ್ಲಿ ಆಸನದ ಪಟ್ಟಿಯನ್ನು ಕೊಯ್ಯುವ ಅಲಗೂ ಇರುವದು.

ಬ್ಯಾಟರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನಮ್ಮಲ್ಲಿ ಅದನ್ನು ಕೊಲ್ಲುವದು ಚಳಿಯಲ್ಲ, ಬೇಸಿಗೆಯ ಬಿಸಿಲು. ಸತ್ತ ಸುದ್ದಿಯನ್ನು ಮಾತ್ರ ಚಳಿಗ��ಲದ ಮುಂಜಾವು ತಿಳಿಸುವದು. ಇನ್ನೊಂದು ಗಾಡಿಯಿಂದ ಶಕ್ತಿಯನ್ನು ಕಡ ತರುವ ದಪ್ಪ ತಂತಿಗಳ ಜೋಡಿಯೊಂದಿರಲಿ. ಕೆಂಪು ತಂತಿಯು ಮೊದಲು ನಮ್ಮ ಬ್ಯಾಟರಿಯ ಧನಾಗ್ರಕ್ಕೆ, ಅನಂತರ ಅವರ ಧನಾಗ್ರಕ್ಕೆ. ಕಪ್ಪು ತಂತಿಯು ಅವರ ಋಣಾಗ್ರಕ್ಕೆ, ಅದರ ಕೊನೆಯ ತುದಿಯು ನಮ್ಮ ಬ್ಯಾಟರಿಗಲ್ಲ, ಅದರಿಂದ ದೂರದ ಯಂತ್ರದ ಲೋಹಕ್ಕೆ. ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ತಂತಿಗೇ ಕಟ್ಟಿಡಬೇಕು.

ಕಂಬಳಿಯನ್ನು ಕುರಿತು ಮಾತ್ರ ನಾವು ಧಾರಾಳವಾಗಿ ಹೊಗಳುವೆವು. ಅಂಗಡಿಯ ಥಳಕಿನ ಹೊದಿಕೆಗಳಲ್ಲ, ಕುರಿಯುಣ್ಣೆಯ ಕರಿಯ ಕಂಬಳಿ. ಹೊದೆಯಲು ಅದೇ, ಗಾಡಿಯ ಅಡಿಯಲ್ಲಿ ಹಾಸಿ ಮಲಗಿ ನೋಡಲು ಅದೇ. ಉಣ್ಣೆಯು ಬೇಗ ಹೊತ್ತಿಕೊಳ್ಳುವದಿಲ್ಲವಾದ್ದರಿಂದ ಮೈಗೆ ಬೆಂಕಿ ಹತ್ತಿದವನಿಗೆ ಸುತ್ತಲೂ ಅದೇ. ಅಪಘಾತದಲ್ಲಿ ರಕ್ತ ಹೋಗಿ ಮೈ ತಣ್ಣಗಾದವನಿಗೆ ಬೆಚ್ಚನೆಯ ಹೊದಿಕೆಯೂ ಬೇಕಾಗುವದು. ಅದರ ಜೊತೆಗೆ ಔಷಧದ ಪೆಟ್ಟಿಗೆ. ಗಾಡಿಯ ಸಂಗಡ ಬಂದ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಬೆರಳ ಗಾಯಕ್ಕೆ ಸಾಲುವಷ್ಟೇ ಇರುವದು. ದೊಡ್ಡ ಗಾಯವನ್ನು ಒತ್ತಿ ಹಿಡಿಯಲು ಅಗಲವಾದ ಹತ್ತಿಬಟ್ಟೆಯ ಮಡಿಕೆಗಳೂ ಉದ್ದನೆಯ ಪಟ್ಟಿಗಳೂ ಬೇಕು. ಗುಳಿಗೆಗಳನ್ನು ಅದರಲ್ಲಿ ತುಂಬಿಡಬಾರದು, ಮಧ್ಯಾಹ್ನದ ಬಿಸಿಲಿಗೆ ನಿಂತ ಗಾಡಿಯೊಳಗೆ ಅವು ಕೆಡುವವು. ನಿತ್ಯದ ಔಷಧವನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಡಬ್ಬಿಯಲ್ಲಿ ಪೆಟ್ರೋಲು ಇಟ್ಟುಕೊಳ್ಳುವ ಜಾಣತನವನ್ನು ಯಾರೂ ಮಾಡದಿರಲಿ.

ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಮುಂದಿನ ಪೆಟ್ಟಿಗೆಯಲ್ಲಿಡಬೇಕಾದ ಅಂಕಿಗಳು ಮೂರು: ಯಾವ ಆಪತ್ತಿಗೂ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಪರರ ಅಪಘಾತವನ್ನು ಕಂಡು ನಿಲ್ಲಲು ಜನರು ಇಂದಿಗೂ ಅಂಜುವರು. ಪೋಲೀಸರ ಕಾಟ, ಸಾಕ್ಷಿಯ ತಿರುಗಾಟ ಎನ್ನುವರು. ಆ ಅಂಜಿಕೆಗೆ ಈಗ ಆಧಾರವಿಲ್ಲ. ನೆರವಾದವನಿಗೆ ರಕ್ಷಣೆ ಕೊಡುವ ಸೂತ್ರಗಳನ್ನು ಸುಪ್ರೀಂ ಕೋರ್ಟು 2016ರ ಮಾರ್ಚದಲ್ಲಿ ಕಡ್ಡಾಯಗೊಳಿಸಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೇ ಅಂಥ ಕಲಮು ಸೇರಿತು. ಸದ್ಭಾವದಿಂದ ಗಾಯಾಳುವಿಗೆ ಸಹಾಯ ಮಾಡಿದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳೆಂದು ಅವನನ್ನು ಒತ್ತಾಯಿಸುವಂತಿಲ್ಲ.

ಇಷ್ಟೆಲ್ಲವನ್ನು ಪರೀಕ್ಷಿಸುವದು ಯಾವಾಗ? ಹಿರಿಯರು ಒಂದು ದಿನವನ್ನು ಗೊತ್ತುಮಾಡಿಯೇ ಇಟ್ಟಿದ್ದಾರೆ. ಖಂಡೇನವಮಿಯು ಚಳಿಗಾಲದ ಹೊಸ್ತಿಲಲ್ಲಿಯೇ ಬರುವದು. ಆ ದಿನ ಗಾಡಿಯನ್ನು ತೊಳೆದು ಹೂಮಾಲೆ ಹಾಕುವದಕ್ಕೆ ಮುಂಚೆ ಡಿಕ್ಕಿಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ, ಸ್ಟೆಪ್ನಿಯ ಗಾಳಿ, ಟಾರ್ಚಿನ ಸೆಲ್ಲು, ಸಿಲಿಂಡರಿನ ಮುಳ್ಳು ನೋಡಿ, ಅವಕ್ಕೂ ಎರಡು ಕಾಳು ಅಕ್ಷತೆ ಹಾಕಬೇಕು. ಗಾಡಿಯ ಮೂತಿಗೆ ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟುವದಕ್ಕೆ ನಮ್ಮ ತಕರಾರಿಲ್ಲ. ಆದರೆ ಅವು ರಾತ್ರಿಯಲ್ಲಿ ಹೊಳೆಯುವದಿಲ್ಲ.

ಪಾಥೇಯ ಎಂದರೆ ದಾರಿಗೆ ಒದಗುವಂಥದು. ಪಾಣಿನಿಯ ಒಂದೇ ಸೂತ್ರವು ಈ ಶಬ್ದವನ್ನೂ ಆತಿಥೇಯ ಎಂಬ ಶಬ್ದವನ್ನೂ ಸಾಧಿಸಿಕೊಡುವದು. ಮೊದಲನೆಯದು ಪಥದಲ್ಲಿ ಸಾಧುವಾದದ್ದು, ಎರಡನೆಯದು ಅತಿಥಿಯಲ್ಲಿ ಸಾಧುವಾದದ್ದು. ಮೂವತ್ತು ವರ್ಷ ಇದನ್ನು ಹುಡುಗರಿಗೆ ಹೇಳಿಕೊಟ್ಟಿದ್ದೆವು. ತಿಳವಳ್ಳಿಯ ಕಾವಳದಲ್ಲಿ ನಮ್ಮ ರೊಟ್ಟಿಯನ್ನು ಆ ಟ್ರ್ಯಾಕ್ಟರಿನವನು ತಿನ್ನುತ್ತಿರುವಾಗ ಅದು ಮತ್ತೆ ನೆನಪಾಯಿತು.

ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಅಂಟುಪಟ್ಟಿಯು ಸುರುಳಿಯಾಗಿ ಮಾರಲು ಸಿಗುವದು. ವಾಹನದ ಮುಂದೆ ಬಿಳಿ, ಮಗ್ಗುಲಿಗೆ ಹಳದಿ, ಹಿಂದೆ ಕೆಂಪು ಎಂಬದು ನಿಯಮ. ಅದಕ್ಕೆ ಬ್ಯಾಟರಿ ಬೇಡ, ತಂತಿ ಬೇಡ. ಹಿಂದಿನಿಂದ ಬರುವವನ ದೀಪವೇ ಅದರ ಎಣ್ಣೆ. ಕೆಂಪಿನ ಒಂದು ಸುರುಳಿ, ಒಂದು ಕತ್ತರಿ, ಧೂಳು ಒರೆಸಲು ಒದ್ದೆ ಬಟ್ಟೆ ಇವು ನಮ್ಮ ಮಗನ ಗಾಡಿಯಲ್ಲಿ ಸದಾ ಇರುವವು. ಆ ಮುಂಜಾವಿನಲ್ಲಿ ಟ್ರ್ಯಾಕ್ಟರಿನವನನ್ನು ಕೇಳಿ ಅವನ ಟ್ರೇಲರಿನ ಹಿಂದಣ ಕೆಳಪಟ್ಟಿಗೆ, ಮೇವು ಮುಚ್ಚದಂಥ ಜಾಗದಲ್ಲಿ, ಎರಡು ಮೊಳ ಅಂಟಿಸಿದೆವು. ಮಗನು ನಮ್ಮ ಗಾಡಿಯ ದೀಪವನ್ನು ಅದರತ್ತ ಹಾಯಿಸಿ ತೋರಿಸಿದನು. ಅವನು ಸ್ವಲ್ಪ ಹೊತ್ತು ನೋಡಿ, "ನಮ್ಮ ತಮ್ಮಂದೂ ಒಂದು ಟ್ರೇಲರ್ ಐತ್ರಿ" ಎಂದನು. ಉಳಿದ ಸುರುಳಿಯನ್ನು ಅವನಿಗೇ ಕೊಟ್ಟೆವು. ಸಂಕ್ರಾಂತಿಯೊಳಗೆ ಇನ್ನೆರಡು ಸುರುಳಿ ತರಿಸಬೇಕಾಯಿತು.